ಎರಡು ತಾಸಿಗೊಂದು ಮಗ್ಗುಲು

ಹತ್ತು ವರ್ಷ ಆಕೆ ಒಂದು ದಿನವೂ ಗೊಣಗಲಿಲ್ಲ ಎಂದು ನಮ್ಮ ಪಾಸ್ಟರ್ ಹೇಳಿದರು. ಶವಪೆಟ್ಟಿಗೆ ಎದುರಿಗಿತ್ತು, ಜನ ಅಳುತ್ತಿದ್ದರು, ಯಾರೂ ಎದ್ದು ಆಕ್ಷೇಪ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಎದುರು ಪಕ್ಷದವನು ಇಂಥ ಹೇಳಿಕೆ ಕೊಟ್ಟಿದ್ದರೆ ಅರ್ಧ ನಿಮಿಷದಲ್ಲಿ ಉರುಳಿಸುತ್ತಿದ್ದೆ. ಬೋರಗಾಂವದ ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆಗಳು ಇಪ್ಪತ್ತೆರಡು. ಆ ಇಪ್ಪತ್ತೆರಡು ಮನೆಗಳವರೂ ಆಕೆಯ ಗೊಣಗಾಟ ಕೇಳಿದ್ದಾರೆ. ನಳ ಬರದಿದ್ದರೆ ಬರಲಿಲ್ಲವೆಂದು, ಬಂದರೆ ತಡವಾಯಿತೆಂದು. ಕರೆಂಟಿನ ಮೇಲೆ, ಪಕ್ಕದ ಮನೆಯ ಹುಂಜದ ಮೇಲೆ, ರೇಷನ್ ಅಕ್ಕಿಯ ಮೇಲೆ, ಪಾಸ್ಟರ್ ಅವರ ಉದ್ದ ಪ್ರಾರ್ಥನೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ತಮ್ಮನ ಮೇಲೆ.

"ಏಳ್ರಿ ಧಣಿ, ಮಗ್ಗಲಾ ಬದಲ್ಸೂಣು. ಹಿಂದಿನ ಜನ್ಮದಾಗ ನಾ ನಿಮ್ಮ ಹೊಲದಾಗಿನ ಎತ್ತ ಆಗಿದ್ದೆ ಕಾಣಸ್ತೈತಿ."

"ಕ್ರೈಸ್ತರಿಗೆ ಹಿಂದಿನ ಜನ್ಮ ಇರೂದಿಲ್ಲ ಅಕ್ಕಾ," ಎಂದು ಹಾಸಿಗೆಯಿಂದ ತಮ್ಮ ಹೇಳುತ್ತಿದ್ದ.

"ಇಲ್ಲಂದ್ರ ಈ ಜನ್ಮದಾಗಿನ ಎತ್ತ. ಬಾಯಿ ಮುಚ್ಚ."

ಇದನ್ನು ದಿನಕ್ಕೆ ನಾಲ್ಕು ಸಲವಾದರೂ ಕೇಳಿ ಬೆಳೆದವನು ನಾನು. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಆದ್ದರಿಂದ ಪಾಸ್ಟರ್ ವರ್ಣಿಸಿದ ಆ ಮೌನಿ, ಆ ಹಸನ್ಮುಖಿ, ಆ ದೇವದೂತೆ ಯಾರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದ, ನಾನು ಚಿಕ್ಕಮ್ಮನೆಂಬಂತೆ ಮಾವಶಿ ಎಂದು ಕರೆಯುತ್ತಿದ್ದವಳ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದರೆ ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಚರ್ಚಿನ ಗೋಡೆಗೆ ಹಚ್ಚಿಬಿಡುತ್ತಾರೆ, ಆಮೇಲೆ ಅದರ ಕೆಳಗೆ ಚಪ್ಪಲಿ ಬಿಡುತ್ತಾರೆ.

ತಮ್ಮ ಪೇಂಟರ್ ಆಗಿದ್ದವನು. ಹತ್ತು ವರ್ಷದ ಹಿಂದೆ ಒಂದು ಡಿಸೆಂಬರಿನಲ್ಲಿ ಚರ್ಚಿನ ಮಾಳಿಗೆಯ ತುದಿಗೆ ಕ್ರಿಸ್ಮಸ್ ನಕ್ಷತ್ರ ಕಟ್ಟಲು ಹತ್ತಿದ. ಅಷ್ಟು ಎತ್ತರಕ್ಕೆ ಹತ್ತುವ ಧೈರ್ಯ ಬೇರೆ ಯಾರಿಗೂ ಇರಲಿಲ್ಲ. ಬಿದ್ದ. ಕುತ್ತಿಗೆಯ ಎಲುಬು ಮುರಿದು, ಅಲ್ಲಿಂದ ಕೆಳಗೆ ದೇಹ ಅವನ ಮಾತು ಕೇಳುವುದನ್ನು ಬಿಟ್ಟಿತು. ಬಲಗೈ ಮಾತ್ರ ಮೊಳಕೈಯವರೆಗೆ ಅಲ್ಪಸ್ವಲ್ಪ ಆಡುತ್ತಿತ್ತು. ಸಭೆಯವರು ದೇವರ ಚಿತ್ತ ಎಂದರು. ಮುಂದಿನ ವರ್ಷ ನಕ್ಷತ್ರವನ್ನು ಬಾಗಿಲ ಮೇಲೆ, ಕುರ್ಚಿ ಹಾಕಿಕೊಂಡು ಕಟ್ಟುವಷ್ಟು ಎತ್ತರದಲ್ಲಿ ಕಟ್ಟಿದರು. ದೇವರ ಚಿತ್ತ ಆ ವರ್ಷ ಸ್ವಲ್ಪ ಕೆಳಗಿಳಿಯಿತು ಎಂದು ನಾನು ಅವ್ವನ ಮುಂದೆ ಹೇಳಿ ಏಟು ತಿಂದಿದ್ದೆ.

ಮಿರಜಿನ ಡಾಕ್ಟರು ಮನೆಗೆ ಕಳಿಸುವಾಗ ಆಕೆಗೆ ಒಂದೇ ಮಾತು ಹೇಳಿದ್ದರು: ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಎಲುಬು ಹಾಸಿಗೆಗೆ ಒತ್ತುವಲ್ಲಿ ಮಾಂಸ ಕೊಳೆಯುತ್ತದೆ, ಆ ಗಾಯವೇ ಅವನನ್ನು ಕೊಲ್ಲುತ್ತದೆ. ಆಕೆ ಬೇರೆ ಉಪದೇಶಗಳನ್ನು ಬಹಳ ಕೇಳಿದಳು. ಬದುಕಿದ್ದು ಇದೊಂದರ ಮೇಲೆ.

ಆಕೆ ಕೆಲಸ ಮಾಡುತ್ತಿದ್ದದ್ದು ಓಣಿಯ ಕೊನೆಗಿದ್ದ ಪವರ್‌ಲೂಮ್ ಶೆಡ್ಡಿನಲ್ಲಿ. ಕಾಂಡಿ ಸುತ್ತುವ ಕೆಲಸ, ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ಮಶಿನ್ನಿನಲ್ಲಿ ನೂಲು ತುಂಬುವುದು. ಗಡಿಯಾರ ನೋಡುತ್ತಿರಲಿಲ್ಲ. ಎರಡು ಬುಟ್ಟಿ ಕಾಂಡಿ ತುಂಬಿದರೆ ತಮ್ಮನನ್ನು ಹೊರಳಿಸುವ ಹೊತ್ತು. ಎರಡನೆಯ ಬುಟ್ಟಿಯ ಕೊನೆಯ ಕಾಂಡಿ ಬೀಳುತ್ತಿದ್ದಂತೆ ಎದ್ದು ಸೆರಗಿಗೆ ಅಂಟಿದ ನೂಲಿನ ಧೂಳು ಕೊಡವಿ ಓಡುತ್ತಿದ್ದಳು. ಶೆಡ್ಡಿನ ಜೈನ ಸಾವಕಾರರು ಅದಕ್ಕೆ ಯಾವತ್ತೂ ಬೇಡವೆನ್ನಲಿಲ್ಲ. ಅಷ್ಟು ಮಾತ್ರಕ್ಕೆ ಅವರನ್ನು ದೇವರಂಥವರು ಎಂದು ಓಣಿ ಹೊಗಳುತ್ತಿತ್ತು. ಕರೆಂಟು ಹೋದಾಗ ಆಕೆಯ ಗಡಿಯಾರವೂ ನಿಲ್ಲುತ್ತಿತ್ತು. ಆಗ ಅಂದಾಜಿನ ಮೇಲೆ ಓಡಿ ಬರುತ್ತಿದ್ದಳು, ಕೆಲವೊಮ್ಮೆ ಅರ್ಧ ತಾಸಿಗೇ. ಆಗ ತಮ್ಮ ನಗುತ್ತಿದ್ದ: "ಇಂದ ನನ್ನ ಭಜಿ ಹಂಗ ಕರಿಯಾಕತ್ತೀಯಲ್ಲ ಅಕ್ಕಾ, ಘಳಿಗಿಗೊಮ್ಮಿ ಹೊಳ್ಳಸ್ತಿ."

ಹೊರಳಿಸುವುದಕ್ಕೆ ಒಂದು ಪದ್ಧತಿ ಇತ್ತು. ಅವನ ಕೆಳಗೆ ಅಡ್ಡಲಾಗಿ ಮಡಚಿದ ಕೌದಿ. ಅದರ ಅಂಚನ್ನು ಎರಡು ಮುಷ್ಟಿಯಲ್ಲಿ ಹಿಡಿದು, ಮೊಣಕಾಲನ್ನು ಮಂಚಕ್ಕೆ ಕೊಟ್ಟು, "ಏಕ್, ದೋನ್, ತೀನ್" ಎಂದು ಎಳೆಯುತ್ತಿದ್ದಳು. ಎಣಿಕೆ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ. ಪ್ರಾರ್ಥನೆಯೂ ಕನ್ನಡದಲ್ಲೇ, ಅದರ ಧಾಟಿಗೂ ಬೈಗುಳದ ಧಾಟಿಗೂ ಬಹಳ ಅಂತರ ಇರಲಿಲ್ಲ. "ಮ್ಯಾಲಿನವಂಗ ನಾ ಸಕ್ರಿ ಹಚ್ಚಿ ಹೇಳೂದಿಲ್ಲಪಾ. ಅವಂಗ ಕಿವಿ ಅದಾವ, ಕೇಳ್ಲಿ." ಹೊರಳಿಸಿದ ಮೇಲೆ ಬೆನ್ನು, ಸೊಂಟ, ಹಿಮ್ಮಡಿಗಳನ್ನು ಬೆರಳಿನಿಂದ ತಡವಿ ನೋಡುತ್ತಿದ್ದಳು, ಅಂಗಡಿಯಲ್ಲಿ ಬಟ್ಟೆಯ ದೋಷ ಹುಡುಕುವವರ ಹಾಗೆ. ಒಂಬತ್ತು ವರ್ಷದಲ್ಲಿ ಅವನ ಮೈಮೇಲೆ ಒಂದು ಗಾಯವಾಗಲಿಲ್ಲ. ಒಮ್ಮೆ ತಪಾಸಣೆಗೆ ಕರೆದೊಯ್ದಾಗ ಮಿರಜಿನ ನರ್ಸೊಬ್ಬಳು ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳಿದ್ದಳಂತೆ. "ನಾ ಒಬ್ಬಾಕಿ, ನನ್ನ ಬಾಯಿ ಇನ್ನೊಂದ" ಎಂದು ಹೇಳಿ ಬಂದಿದ್ದಳು.

ಪಾಸ್ಟರ್ ಆಕೆಯನ್ನು ಮೊದಲಿಂದಲೂ ಉಪದೇಶಕ್ಕೆ ಬಳಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಸಣ್ಣ ಸಂಬಳ, ದೊಡ್ಡ ಸಂಸಾರ, ಸೈಕಲ್ ಮೇಲೆ ಮೂರು ಊರು. ಆದರೆ ವರ್ಷಕ್ಕೆ ಎರಡು ಸಲವಾದರೂ, ಶುಭ ಶುಕ್ರವಾರದ ಹತ್ತಿರ ಖಂಡಿತವಾಗಿ, ಹಿಂದಿನ ಸಾಲಿನತ್ತ ಕೈ ಮಾಡಿ, ಕ್ರಿಸ್ತನ ಪ್ರೀತಿ ಹೇಗಿರುತ್ತದೆಂದು ತಿಳಿಯಬೇಕಾದರೆ ನಮ್ಮ ಈ ಸಹೋದರಿಯನ್ನು ನೋಡಿರಿ ಎನ್ನುತ್ತಿದ್ದರು. ಜನ ತಿರುಗಿ ನೋಡುತ್ತಿದ್ದರು. ನೋಡಿ ಮತ್ತೆ ಮುಂದಕ್ಕೆ ತಿರುಗುತ್ತಿದ್ದರು. ಅಷ್ಟೇ. ಆಕೆ ಅಷ್ಟರಲ್ಲಿ ಎದ್ದು ಹೋಗಿರುತ್ತಿದ್ದಳು. ಆರಾಧನೆ ಎರಡು ತಾಸಿಗಿಂತ ಉದ್ದವಾದರೆ ಕ್ರಿಸ್ತನ ಪ್ರೀತಿ ಮನೆಗೆ ಓಡಲೇಬೇಕಿತ್ತು.

ಒಂದು ಈಸ್ಟರಿನ ಮಧ್ಯಾಹ್ನ ಈ ಹೋಲಿಕೆಯ ಬಗ್ಗೆ ನಾನೇ ಕೆದಕಿದೆ. ನಾನು ದೇವರನ್ನು ನಂಬುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. "ಏ ವಕೀಲಾ" ಎಂದೇ ಕರೆಯುತ್ತಿದ್ದಳು, ನಾನು ಲಾ ಓದಲು ಸೇರುವ ಎಷ್ಟೋ ಮೊದಲಿನಿಂದ.

"ಮಾವಶಿ, ನಿನ್ನ ಯೇಸುಸ್ವಾಮಿ ಜೋಡಿ ಕುಂಡ್ರಿಸ್ಯಾರಲ್ಲ, ಹೆಂಗ ಅನಸ್ತೈತಿ?"

ಆಕೆ ತಮ್ಮನ ಕಾಲುಗುರು ಕತ್ತರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅಂವ ಶುಕ್ರವಾರ ಏರಿದ, ರವಿವಾರ ಎದ್ದ. ನನಗ ರವಿವಾರನೂ ಸೂಟಿ ಇಲ್ಲ. ಅವಂಗ ನನ್ನ ಜೋಡಿ ಹೋಲಸ್ಬ್ಯಾಡ್ರಿ, ಪಾಪ, ನಾಚ್ಕೊಂತಾನ."

ತಮ್ಮ ನಕ್ಕು ನಕ್ಕು ಕೆಮ್ಮಿದ. ಆಕೆ ಕತ್ತರಿ ಬಿಟ್ಟು ಅವನ ಎದೆ ಒತ್ತಿ ಕಫ ತೆಗೆದಳು. ಆಮೇಲೆ ನನ್ನತ್ತ ನೋಡಿ, "ಪಾಸ್ಟರ್ ಮುಂದ ಹೇಳಿದಿ ಅಂದ್ರ ನಾಲಿಗಿ ಕತ್ತರಸ್ತೀನಿ" ಎಂದಳು. ಕತ್ತರಿ ಕೈಯಲ್ಲೇ ಇತ್ತು.

ನಾನು ಮಾತ್ರ ಆಕೆಯನ್ನು ಬಳಸಲಿಲ್ಲವೇ? ಬಳಸಿದೆ. ಚಿಕ್ಕೋಡಿಯ ಕಾಲೇಜಿನಲ್ಲಿ 'ತ್ಯಾಗವೆಂಬುದು ಸಮಾಜ ಕಟ್ಟಿದ ಭ್ರಮೆ' ಎಂಬ ವಿಷಯದ ಮೇಲೆ ಪರವಾಗಿ ಮಾತಾಡಿದೆ. ಒಬ್ಬರ ಮೇಲೆ ಎಲ್ಲ ಭಾರ ಹೊರಿಸಿ, ಆಮೇಲೆ ಅದಕ್ಕೆ ತ್ಯಾಗವೆಂದು ಹೆಸರಿಟ್ಟು, ಆರತಿ ಎತ್ತಿ ಕೈ ತೊಳೆದುಕೊಳ್ಳುವುದು ಹೇಗೆಂದು ಆಕೆಯ ಕಥೆಯನ್ನೇ ಹೇಳಿದೆ. ತೀರ್ಪುಗಾರರೊಬ್ಬರು ಕಣ್ಣೊರೆಸಿಕೊಂಡರು. ಮೊದಲ ಬಹುಮಾನ ಬಂತು. ಅದೇ ಸಂಜೆ ಷೀಲ್ಡ್ ಹಿಡಿದುಕೊಂಡು ಅವರ ಮನೆಗೆ ಹೋಗಿ, ಏನು ಮಾತಾಡಿದೆನೆಂದು ಇಬ್ಬರಿಗೂ ವಿವರಿಸಿದೆ.

"ಎಷ್ಟೊತ್ತು ಮಾತಾಡಿದಿ?" ಆಕೆ ಕೇಳಿದಳು.

"ಹತ್ತ ಮಿನಿಟು."

"ಹತ್ತ ಮಿನಿಟಿನ್ಯಾಗ ಇವನ್ನ ಹೊಳ್ಳಿಸಿ, ಮೈ ಒರಸಿ, ಎಣ್ಣಿ ಹಚ್ಚಿ ಆಕ್ಕೈತಿ." ಷೀಲ್ಡನ್ನು ಕೈಯಲ್ಲಿ ತೂಗಿ ನೋಡಿದಳು. "ಚಲೋ ಐತಿ. ಒಳಗ ಕಟ್ಟಗಿ ಐತೇನ?"

ಪಾಸ್ಟರ್ ಮತ್ತು ನಾನು ಎದುರು ಬದುರು ಪಕ್ಷದವರು. ಆದರೆ ಇಬ್ಬರೂ ನಿಂತದ್ದು ವೇದಿಕೆಯ ಮೇಲೆ.

ಅಕ್ಕ-ತಮ್ಮಂದಿರ ಬಗ್ಗೆ ಇನ್ನೊಂದು ಸಂಗತಿ. ಅವರು ಪರಸ್ಪರ ಸುಳ್ಳು ಹೇಳುತ್ತಿದ್ದರು, ಬಹಳ ಗಟ್ಟಿ ಸುಳ್ಳು. ಅವನು ಬಿದ್ದ ಎರಡನೆಯ ವರ್ಷ ಅಥಣಿ ಕಡೆಯಿಂದ ಆಕೆಗೆ ಒಂದು ಸಂಬಂಧ ಬಂದಿತ್ತು. ಹೆಂಡತಿ ತೀರಿಕೊಂಡಿದ್ದ ಮಾಸ್ತರ, ಒಳ್ಳೆಯ ಮನುಷ್ಯ. ಆಕೆ ಒಲ್ಲೆ ಎಂದಳು. ಕಾರಣ ಕೇಳಿದವರಿಗೆಲ್ಲ, "ಅಂವ ಚಾ ಕುಡಿಯುವಾಗ ಮೀಸಿ ಬಸಿಯೊಳಗ ಅದ್ದತಾನ" ಎಂದಳು. ತಮ್ಮನೂ ಎಲ್ಲರ ಮುಂದೆ ಅದನ್ನೇ ಹೇಳಿ ನಕ್ಕ: "ಅಕ್ಕಾಗ ಮೀಸಿ ಸೇರೂದಿಲ್ರಿ." ಒಮ್ಮೆ ಆಕೆ ಶೆಡ್ಡಿಗೆ ಹೋಗಿದ್ದಾಗ ನನಗೆ ಹೇಳಿದ: "ಆ ಮಾಸ್ತರಗ ಮೀಸೇನ ಇರಲಿಲ್ಲಪಾ. ನಾ ಈ ಹಾಸಿಗಿಂದ ನೋಡೀನಿ." ತನಗೆ ಗೊತ್ತಿದೆಯೆಂದು ಅಕ್ಕನಿಗೆ ಗೊತ್ತಾಗದಂತೆ ಅವನು ಏಳು ವರ್ಷ ಆ ಇಲ್ಲದ ಮೀಸೆಯ ಬಗ್ಗೆ ನಗೆಯಾಡಿದ. ಇದಕ್ಕೆ ಪ್ರೀತಿ ಎನ್ನದೆ ಬೇರೆ ಏನೆನ್ನಬೇಕೆಂದು ನನಗೆ ತಿಳಿಯದು. ನನ್ನ ಭ್ರಮೆಯ ವಾದದಲ್ಲಿ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ವಾದ ಕುಸಿಯುತ್ತಿತ್ತು.

ಕಳೆದ ವರ್ಷ ಬೇಸಿಗೆಯಲ್ಲಿ ಆಕೆ ನಮ್ಮವ್ವನನ್ನು ಅಡಿಗೆಮನೆಗೆ ಕರೆದು ಎದೆಯಲ್ಲಿನ ಗಂಟನ್ನು ಮುಟ್ಟಿ ನೋಡಲು ಹೇಳಿದಳು. ಅವ್ವ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡು, ಎಷ್ಟು ದಿನದಿಂದ ಎಂದು ಕೇಳಿದಳು. "ಹ್ವಾದ ಕ್ರಿಸ್ಮಸ್ಸಿಗೆ ಕಡ್ಲಿಯಷ್ಟ ಇತ್ತು." ಮಿರಜಿಗೆ ಹೋಗಿ ನಾಲ್ಕು ದಿನ ಇದ್ದು ಎಲ್ಲ ತಪಾಸಣೆ ಮಾಡಿಸಬೇಕಿತ್ತು, ಆಮೇಲೆ ಆಪರೇಷನ್ನಿಗೆ, ಮುಂದಿನ ಚಿಕಿತ್ಸೆಗೆ ಮತ್ತೆ ಹೋಗಿ ಮೂರು ತಿಂಗಳಾದರೂ ಇರಬೇಕಿತ್ತು. ಒಂಬತ್ತು ವರ್ಷದಲ್ಲಿ ಆಕೆ ಒಂದು ರಾತ್ರಿಯೂ ಮನೆ ಬಿಟ್ಟು ಮಲಗಿರಲಿಲ್ಲ. ತಮ್ಮನನ್ನು ಜೊತೆಗೆ ಕರೆದೊಯ್ದರೆ ಅಲ್ಲಿ ಅವನನ್ನು ಹೊರಳಿಸುವವರು ಯಾರು? ಬಿಟ್ಟು ಹೋದರೆ ಇಲ್ಲಿ ಯಾರು?

ಆ ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರು ಪ್ರಕಟಣೆ ಓದುತ್ತ ಹೇಳಿದರು: "ಅಕ್ಕಾರು ದವಾಖಾನಿಗೆ ಹೊಂಟಾರ. ಅಕ್ಕಾರ, ನೀವು ನಿಶ್ಚಿಂತಿಂದ ಹೋಗಿ ಬರ್ರಿ. ತಮ್ಮನ್ನ ಎಲ್ಲಾರೂ ನೋಡ್ಕೊಂತೀವಿ."

ಹಿಂದಿನ ಸಾಲಿನಲ್ಲಿ ಆಕೆ ಎದ್ದು ನಿಂತಳು. "ಎಲ್ಲಾರೂ ಅಂದ್ರ ಯಾರ್ ಯಾರ್ರಿ?"

ಸಭೆ ನಕ್ಕಿತು.

"ಎಲ್ಲಾರೂ ಅಂದ್ರ ಎಲ್ಲಾರೂ ಅಕ್ಕಾರ. ನಂಬಿಕಿ ಇಡ್ರಿ."

"ನಂಬಿಕಿ ಐತ್ರಿ. ಹೆಸರ ಬೇಕಾಗಿದ್ದೂ."

ಮತ್ತೆ ನಕ್ಕರು. ನಾನೂ ನಕ್ಕೆ, ಒಳ್ಳೆಯ ಪಾಯಿಂಟು ಎನಿಸಿತು. ಇಪ್ಪತ್ತೆರಡು ಮನೆಗಳ ನಡುವೆ ಒಬ್ಬರೂ ಕೈ ಎತ್ತಿ, ನಾನು ಇಂಥ ಹೊತ್ತಿಗೆ ಬರುತ್ತೇನೆ ಎನ್ನಲಿಲ್ಲ. ಹಾಗೆ ಹೇಳುವುದು ನಮ್ಮಲ್ಲಿ ಒಂದು ರೀತಿಯಲ್ಲಿ ಅವಮರ್ಯಾದೆ. ಅಷ್ಟು ಲೆಕ್ಕ ಹಾಕಿ ಸೇವೆ ಮಾಡುತ್ತಾರೆಯೇ? ಕರೆದರೆ ಬರುತ್ತೇವೆ, ಕರೆಯದಿದ್ದರೂ ಬರುತ್ತೇವೆ, ನಾವು ಒಂದೇ ದೇಹದ ಅಂಗಗಳು. ಪಾಸ್ಟರ್ ಪ್ರಾರ್ಥಿಸಿದರು. ಪ್ರಾರ್ಥನೆ ಉದ್ದವಿತ್ತು.

ಹೋಗುವ ಹಿಂದಿನ ಸಂಜೆ ನಮ್ಮಲ್ಲಿ ನಾಲ್ಕೈದು ಗಂಡಸರನ್ನು ಕರೆದು ಕೌದಿ ಹಿಡಿಯುವುದನ್ನು ಕಲಿಸಿದಳು. ನಾನು ಜೋರಾಗಿ ಎಳೆದದ್ದಕ್ಕೆ, "ಹಿಟ್ಟಿನ ಚೀಲ ಅಲ್ಲೋ ವಕೀಲಾ, ನನ್ನ ತಮ್ಮ ಅಂವ" ಎಂದಳು. ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿದಳು.

ಆ ನಾಲ್ಕು ದಿನ ಅವನಿಗೆ ಬಂದ ಊಟದ ಡಬ್ಬಿಗಳನ್ನು ನೀವು ನೋಡಬೇಕಿತ್ತು. ಅನ್ನ, ಸಾರು, ಚಪಾತಿ, ಕೋಳಿ, ಒಬ್ಬರು ಹೋಳಿಗೆ ಕೂಡ. ಊಟ ಕಳಿಸುವುದರಲ್ಲಿ ನಮ್ಮ ಸಭೆಯನ್ನು ಮೀರಿಸುವವರಿಲ್ಲ. ಬಂದವರು ಬಾಯಿಗೆ ಎರಡು ತುತ್ತು ಹಾಕಿದರು, ಮೂತ್ರದ ಚೀಲ ಖಾಲಿ ಮಾಡಿದರು, ಹೊರಳಿಸಲೇ ಎಂದು ಕೇಳಿದರು. ರಾತ್ರಿ ಹಿರಿಯರ ಮಗ ಜಗುಲಿಯ ಮೇಲೆ ಮಲಗಿದ, ಕರೆದರೆ ಬರುತ್ತೇನೆಂದು. ತಮ್ಮ ಕರೆಯಲಿಲ್ಲ. ಡಬ್ಬಿಗಳು ಬಹುಪಾಲು ತುಂಬಿದಂತೆಯೇ ವಾಪಸು ಹೋದವು.

ಗುರುವಾರ ಸಂಜೆ ಬಸ್ಸಿಳಿದು ಬಂದವಳು ಕೈಕಾಲು ತೊಳೆದು ನೇರ ಮಂಚದ ಹತ್ತಿರ ಹೋಗಿ ಕೌದಿ ಎಳೆದಳು. ಅವ್ವ ಅಲ್ಲೇ ಇದ್ದಳು. ಅವನ ಎಡ ಸೊಂಟದ ಎಲುಬಿನ ಮೇಲೆ ಅಂಗೈ ಅಗಲದ ಕಪ್ಪು ಚರ್ಮ. ವಾಸನೆ. ಆಕೆ ಅದನ್ನು ಬೆರಳಿನಿಂದ ಮುಟ್ಟಿದಳು. ಬಾಗಿಲಲ್ಲಿ ಅಷ್ಟು ಹೊತ್ತಿಗೆ ಹಿರಿಯರು, ಅವರ ಹೆಂಡತಿ, ಪಾಸ್ಟರ್ ಬಂದು ನಿಂತಿದ್ದರು, ದವಾಖಾನೆಯಲ್ಲಿ ಏನು ಹೇಳಿದರೆಂದು ಕೇಳಲು. ಆಕೆ ಯಾರನ್ನೂ ಬೈಯಲಿಲ್ಲ. ತಮ್ಮನನ್ನೂ ಬೈಯಲಿಲ್ಲ. ನಮ್ಮವ್ವನಿಗೆ, "ಸ್ವಲ್ಪ ಬಿಸಿನೀರ ಕಾಸಿ ಕೊಡವಾ" ಎಂದಳು. ಅಷ್ಟೇ. ಪಾಸ್ಟರ್ ಅವರ ದೇವದೂತೆಯ ಮೌನಕ್ಕೆ ಏನಾದರೂ ಆಧಾರವಿದ್ದರೆ ಅದು ಈ ಸಂಜೆ.

ಎಂಟು ದಿನದಲ್ಲಿ ಆ ಕಪ್ಪು ಒಡೆದು ಎಲುಬು ಕಂಡಿತು. ಆಪರೇಷನ್ನಿಗೆ ಕೊಟ್ಟ ತಾರೀಖು ಬಂತು, ಹೋಯಿತು. ಮಿರಜಿನ ಫೈಲು ಟ್ರಂಕಿನ ಮೇಲೆ ಹಾಗೇ ಕೂತಿತ್ತು. ನಾನು ವಾದಕ್ಕೆ ಹೋದೆ, ಮತ್ತೇನು.

"ಮಾವಶಿ, ಸರಳ ಐತಿ ಮಾತು. ನೀ ಇಲ್ಲಂದ್ರ ಮಾಮಾ ಉಳಿಯೂದಿಲ್ಲ. ಅವನ ಸಲುವಾಗರ ನೀ ಹೋಗಬೇಕು."

"ಗಾಯ ಮಾಯ್ಲಿ, ಹೊಕ್ಕೀನಿ."

"ಅಷ್ಟೊತ್ತಿಗೆ ತಡ ಆಕ್ಕೈತಿ."

"ಆದ್ರ ಆತು. ನಾ ನಾಕ ದಿನ ಹ್ವಾದದ್ದಕ್ಕ ಎಲುಬ ಕಂಡೈತಿ. ಮೂರ ತಿಂಗಳ ಹ್ವಾದ್ರ ಏನ ಕಾಣ್ತೈತಿ ಹೇಳ ವಕೀಲಾ."

ನನ್ನ ತರ್ಕದಲ್ಲಿ ದೋಷವಿರಲಿಲ್ಲ. ನಾನು ಹೊರಳಿಸುತ್ತೇನೆ, ನೀ ಹೋಗು: ಈ ನಾಲ್ಕು ಪದ ಮಾತ್ರ ಅದರಲ್ಲಿರಲಿಲ್ಲ. ಪರೀಕ್ಷೆ ಹತ್ತಿರವಿತ್ತು. ಎಲ್ಲರಿಗೂ ಏನಾದರೊಂದು ಹತ್ತಿರವಿತ್ತು.

ಏಳು ತಿಂಗಳು ದಿನಕ್ಕೆ ಎರಡು ಸಲ ಆ ಗಾಯ ತೊಳೆದಳು. ಕೊನೆಗದು ಮಾಯಿತು. ಅಷ್ಟರಲ್ಲಿ ಆಕೆಗೆ ನಿಂತು ಕೌದಿ ಎಳೆಯುವ ತ್ರಾಣವಿರಲಿಲ್ಲ. ಮಂಚ ತೆಗೆಸಿ ಅವನನ್ನು ನೆಲದ ಮೇಲೆ ಮಲಗಿಸಿ, ತಾನೂ ನೆಲದ ಮೇಲೆ ಕುಳಿತು, ಎರಡೂ ಅಂಗಾಲುಗಳನ್ನು ಗೋಡೆಗೆ ಕೊಟ್ಟು ಎಳೆಯುತ್ತಿದ್ದಳು. ಗೋಡೆಯ ಈಚೆ ನಮಗೆ ಎಣಿಕೆ ಕೇಳುತ್ತಿತ್ತು. ಏಕ್ ಮತ್ತು ದೋನ್ ನಡುವೆ ಬಹಳ ಹೊತ್ತು. ದೋನ್ ಮತ್ತು ತೀನ್ ನಡುವೆ ಇನ್ನೂ ಹೆಚ್ಚು. ಅವ್ವ ಆಗೀಗ ಎದ್ದು ಹೋಗುತ್ತಿದ್ದಳು. ಆಗೀಗ.

ಆಕೆಯನ್ನು ಹೂಳಿ ಬಂದ ಮೇಲೆ ಚರ್ಚಿನ ಪಡಸಾಲೆಯಲ್ಲಿ ಚಹಾ ಕೊಟ್ಟರು. ಇನ್ನು ಅವನನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಬಂತು. ನನ್ನ ಅಕ್ಷರ ಚೆನ್ನಾಗಿದೆಯೆಂದು ಪಾಸ್ಟರ್ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ದಿನಕ್ಕೆ ಹನ್ನೆರಡು ಸರದಿ, ಎರಡೆರಡು ತಾಸು. ಹಿರಿಯರು ಬೆಳಗಿನ ಎರಡು ತೆಗೆದುಕೊಂಡರು. ಅವರ ಮಗ ರಾತ್ರಿಯದು. ಶೆಡ್ಡಿನಲ್ಲಿ ಜೊತೆಗೆ ಕಾಂಡಿ ಸುತ್ತುತ್ತಿದ್ದ ಹೆಂಗಸರು ಮಣ್ಣಿಗೆ ಬಂದವರು ಅಲ್ಲೇ ನಿಂತಿದ್ದರು. ಮಧ್ಯಾಹ್ನದ ಎರಡು ಸರದಿ ನಮಗೆ ಬರೀರಿ ಎಂದರು. ಸಾವಕಾರರು ಅದಕ್ಕೆ ಪೂರಾ ಒಪ್ಪಿ, "ನಮಗ ಮದಲ ಯಾರೂ ಕೇಳೇ ಇಲ್ಲಲ್ರಿ" ಎಂದರು. ಹಾಳೆ ತುಂಬಿತು. ಚಹಾ ಇನ್ನೂ ಬಿಸಿಯಿತ್ತು.

ಆಗ ಹಿರಿಯರ ಹೆಂಡತಿ ನಮ್ಮವ್ವನಿಗೆ ಹೇಳಿದಳು: "ಆಕಿ ಮಿರಜಿಗೆ ಹೋಗಿದ್ಲಲ್ಲ, ಆ ನಾಕ ದಿನ ನೀವ ಮಾಡಿದ್ರಿ. ಈಗ ನಮ್ಮ ಪಾಳಿ."

"ನಾವೆಲ್ಲಿ ಮಾಡೀವಿ?" ಅವ್ವ ಹೇಳಿದಳು. "ನಾ ಕೇಳಿದಾಗೆಲ್ಲ, ನಿಮ್ಮ ಮಗಾ ಈಗರ ಹೊಳ್ಳಿಸಿ ಹ್ವಾದ ಅಂತಿದ್ದ."

ಹಿರಿಯರ ಮಗ ಲೋಟ ಕೆಳಗಿಟ್ಟ. "ನನಗ ಪಾಸ್ಟರ್ ಬಂದ ಹೋಗ್ಯಾರ ಅಂದಿದ್ದ."

ಪಾಸ್ಟರಿಗೆ ಶೆಡ್ಡಿನವರು ಎಂದಿದ್ದ. ಶೆಡ್ಡಿನಿಂದ ನೋಡಲು ಬಂದಿದ್ದವಳಿಗೆ ನಮ್ಮವ್ವ ಎಂದಿದ್ದ. ಪ್ರತಿಯೊಬ್ಬರಿಗೂ ಇನ್ನೊಬ್ಬರ ಹೆಸರು ಹೇಳಿ, ಒಂದೇ ಎಡ ಮಗ್ಗುಲಿನ ಮೇಲೆ, ಸೋಮವಾರದಿಂದ ಗುರುವಾರದವರೆಗೆ ಮಲಗಿದ್ದ. ಮೈ ಒರೆಸುವ ಪ್ರಸಂಗ ಬರಬಾರದೆಂದು ಊಟ ಬಿಟ್ಟಿದ್ದ. ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಮೊದಲ ದಿನವೇ ಗೊತ್ತಾಗುವ ಸಂಗತಿ. ಯಾರೂ ಕೇಳಿರಲಿಲ್ಲ. ತಂತಮ್ಮ ಪಾಲಿನದು ತಪ್ಪಿತಲ್ಲ ಎಂಬ ಸಮಾಧಾನದಲ್ಲಿ ಮನೆಗೆ ಹೋಗಿದ್ದರು.

ಪಾಸ್ಟರ್ ಕಣ್ಣು ಮುಚ್ಚಿ, "ಎಂಥ ಪ್ರೀತಿ ನೋಡ್ರಿ" ಎಂದರು.

ನನಗೆ ಸಿಟ್ಟು ಬಂತು. "ಪಾಸ್ಟರ್, ಈ ಪಟ್ಟಿ ಹ್ವಾದ ವರ್ಷ ಬರಿಯಾಕ ಏನ ಅಡ್ಡಿ ಇತ್ರಿ?"

ಅವರು ನನ್ನನ್ನು ನೋಡಿದರು. ಜಾಣತನದಿಂದ ಉತ್ತರಿಸಬಹುದಿತ್ತು, ಹಾಗೆ ಮಾಡಲಿಲ್ಲ. ಮೆಲ್ಲಗೆ, ನಿಜ ಹೇಳುವವರ ಹಾಗೆ ಹೇಳಿದರು: "ಆಗ ಆಕಿ ಇದ್ದಳಲ್ಲಪಾ."

ಶಿಲುಬೆಯ ಕಥೆಯನ್ನು ನಾನು ನಂಬುವುದಿಲ್ಲ, ಆದರೆ ಚಿಕ್ಕಂದಿನಿಂದ ಕೇಳಿದ್ದೇನೆ. ಅದರಲ್ಲಿ ಪ್ರೀತಿ ಎಷ್ಟು ನಿಜವೋ, ಮರ ಕಡಿದು ತಂದವರು, ಮೊಳೆ ಬಡಿದವರು, ಬೆಟ್ಟದ ಕೆಳಗೆ ನಿಂತು ನೋಡಿದವರು ಅಷ್ಟೇ ನಿಜ. ಅಕ್ಕ-ತಮ್ಮಂದಿರ ಪ್ರೀತಿ ಆ ಪ್ರೀತಿಯ ಪ್ರತಿಬಿಂಬವೆಂದು ಪಾಸ್ಟರ್ ಹೇಳುವುದನ್ನು ಈಗ ನ್ಯಾಯವಾಗಿ ಅಲ್ಲಗಳೆಯಲಾರೆ. ಉಳಿದವರು ಯಾರ ಪ್ರತಿಬಿಂಬ ಎಂದು ಮಾತ್ರ ಅವರು ಯಾವ ಭಾನುವಾರವೂ ಹೇಳಲಿಲ್ಲ.

ಪಡಸಾಲೆಯಲ್ಲಿ ನಾನೂ ಹೇಳಿದೆ, ನನಗೂ ಹಾಗೇ ಹೇಳಿದ್ದನೆಂದು. ಅದು ಸುಳ್ಳಲ್ಲ. ಪೂರ್ತಿಯೂ ಅಲ್ಲ.

ಆಕೆ ಮಿರಜಿಗೆ ಹೋದ ಎರಡನೆಯ ದಿನ, ಮಂಗಳವಾರ ಬೆಳಿಗ್ಗೆ, ನಾನು ಅವನಲ್ಲಿಗೆ ಹೋಗಿದ್ದೆ. ಚಿಕ್ಕೋಡಿಯಲ್ಲಿ ಅವತ್ತು ಇನ್ನೊಂದು ಸ್ಪರ್ಧೆ, ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹಿಂದಿನ ಸಂಜೆ ಡಬ್ಬಿ ಕೊಡಲು ಹೋದಾಗಲೂ ಗೋಡೆಯ ಕಡೆಗೇ ಇದ್ದ. "ಮಾಮಾ, ಹೊಳ್ಳಸ್ಲೇನ?" ಎಂದೆ. "ಹಿರಿಯರ ಮಗ ಹೊಳ್ಳಿಸಿ ಹತ್ತ ಮಿನಿಟ್ ಆತು. ನೀ ಬಸ್ ತಪ್ಪಿಸ್ಕೋಬ್ಯಾಡ, ಹೋಗ" ಎಂದು ಮಾತಾಡಲು ಕತ್ತು ತಿರುಗಿಸಿದ. ತಲೆದಿಂಬಿಗೆ ಹೊದಿಸಿದ್ದ ಕೌದಿಯ ಹೊಲಿಗೆ ಅವನ ಎಡ ಗಲ್ಲದ ಮೇಲೆ ಸಾಲು ಸಾಲಾಗಿ ಮೂಡಿತ್ತು, ಆಳವಾಗಿ, ಕೆಂಪಗೆ. ಹತ್ತು ನಿಮಿಷದಲ್ಲಿ ಅಂಥ ಗುರುತು ಬೀಳುವುದಿಲ್ಲ. ಎದುರಾಳಿಯ ಮಾತಿನಲ್ಲಿ ಕೂದಲೆಳೆಯ ಬಿರುಕು ಹುಡುಕಲು ತರಬೇತಿ ಪಡೆದವನು ನಾನು. ಆ ಗುರುತನ್ನು ನೋಡಿದೆ, "ಆತ ಹಂಗಾರ" ಎಂದೆ, ಬಸ್ಸಿಗೆ ಹೋದೆ.

ಪಟ್ಟಿಯಲ್ಲಿ ನನ್ನ ಸರದಿ ಗುರುವಾರ ಸಂಜೆ ಐದಕ್ಕೆ. ಕಳೆದ ವಾರ ಮೊದಲ ಸಲ ಒಬ್ಬನೇ ಹೋದೆ. ಕೌದಿ ಹಿಡಿದು ಎಣಿಸಿ ಎಳೆದೆ. ನೋಡಿದ್ದಕ್ಕಿಂತ ಬಹಳ ಭಾರ ಅವನು. ಮೂರನೆಯ ಸಲಕ್ಕೆ ಹೊರಳಿದ. ಉಸಿರು ಹಿಡಿದುಕೊಳ್ಳುತ್ತ ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

"ಯಾರರ ಒಬ್ರು ಬ್ಯಾಸತ್ತ ಆಕಿಗೆ ಫೋನ್ ಹಚ್ಚಿದ್ರ, ಆಕಿ ಆ ಕ್ಷಣ ಬಸ್ ಹತ್ತತಿದ್ಲು," ಅವನು ಹೇಳಿದ. "ಆಕಿ ಅಲ್ಲಿ ಇರಬೇಕಿತ್ತು. ನನಗ ಕೆಳಗ ಏನೂ ಗೊತ್ತಾಗೂದಿಲ್ಲಲ್ಲ. ನಾಕ ದಿನದಾಗ ಏನ ಆಕ್ಕೈತಿ ಅಂತ ಮಾಡಿದ್ದೆ. ಆಕಿ ಹೊಳ್ಳಿ ಬಂದ ಬೈತಾಳ ಅಂತ ಕಾಯಾಕತ್ತಿದ್ದೆ. ಬೈಲಿಲ್ಲ."

ನಾನು ಅವನ ಸೊಂಟದ ಮೇಲಿನ ಮಾಯ್ದ ಗಾಯವನ್ನು ಬೆರಳಿನಿಂದ ತಡವಿ ನೋಡಿದೆ. ಚರ್ಮ ಇನ್ನೂ ತೆಳುವಾಗಿತ್ತು. ಮುಖ ಈಗ ನನ್ನ ಕಡೆಗಿತ್ತು.

"ಮಾಮಾ," ಎಂದೆ, "ಆ ಮಂಗಳವಾರ ನೀ ಹೇಳಿದ್ದನ್ನ ನಾ ಖರೇನ ನಂಬೀನಿ ಅಂತ ತಿಳಕೊಂಡಿದ್ದಿಯೇನ?"